ಏಳು ಮನೆಗಳ ಅಕ್ಕಚ್ಚು

ಮೂಡಬಿದಿರೆಯ ಜೈನ ಪೇಟೆಗೆ ಕಸದ ಗಾಡಿ ಎಂಬುದು ಇನ್ನೂ ಬಂದಿರದ ಕಾಲ. ಇಸವಿ ಐವತ್ತೊಂಬತ್ತೋ ಅರವತ್ತೋ ಇರಬೇಕು. ಅಡುಗೆಮನೆಯಲ್ಲಿ ಉಳಿದದ್ದನ್ನು ಹಿತ್ತಿಲ ಗೋಡೆಯಾಚೆ ಎಸೆದರೆ ಅದು ಕಸ, ಕಾಂತಿಯ ಬಾಲ್ದಿಗೆ ಹೊಯ್ದರೆ ಅಕ್ಕಚ್ಚು. ಅಕ್ಕಿ ತೊಳೆದ ನೀರು, ಗಂಜಿಯ ತಿಳಿ, ಸೌತೆಯ ಸಿಪ್ಪೆ, ಬಾಳೆಕಾಯಿಯ ಸಿಪ್ಪೆ, ಪಾತ್ರೆಯ ತಳದ ನಾಲ್ಕು ಅಗುಳು. ಇದಕ್ಕೆ ಬೆಲೆ ಎಂಬುದಿಲ್ಲ. ಬೆಲೆಯಿಲ್ಲದ ಸರಕಿಗೆ ಎಷ್ಟು ಪೈಪೋಟಿ ಎಂಬುದನ್ನು ಪೇಟೆಯಲ್ಲಿ ಅಂಗಡಿ ಇಟ್ಟವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ಬೀದಿಯ ಏಳು ಮನೆಗಳ ಅಕ್ಕಚ್ಚು ಕಾಂತಿಯದು. ಗಂಡ ತೀರಿಕೊಂಡ ಮೇಲೆ ಹನ್ನೊಂದು ವರ್ಷ, ಒಂದು ಸಂಜೆಯೂ ತಪ್ಪಿಸದೆ ಹೋಗಿ ಸಂಪಾದಿಸಿದ ಹಕ್ಕು. ಕೆಲಸ ಕೇಳಿದಷ್ಟು ಸುಲಭದ್ದಲ್ಲ. ಆ ಮನೆಯವರು ಹೊತ್ತು ಮುಳುಗುವ ಮೊದಲೇ ಉಣ್ಣುವವರು. ಉಳಿದದ್ದನ್ನು ಇಟ್ಟುಕೊಂಡರೆ ಅದರಲ್ಲಿ ಸೂಕ್ಷ್ಮ ಜೀವಗಳು ಹುಟ್ಟುತ್ತವೆ, ಅವುಗಳ ಹಿಂಸೆಯ ಪಾಪ ಮನೆಗೆ ತಟ್ಟುತ್ತದೆ ಎಂದು ಅವರ ನಂಬಿಕೆ. ಹಾಗಾಗಿ ಊಟ ಮುಗಿದು ದೀಪ ಹಚ್ಚುವುದರೊಳಗೆ ಏಳು ಹಿತ್ತಿಲುಗಳನ್ನೂ ಮುಟ್ಟಿ ಬರಬೇಕು. ಎರಡು ಕೈಯಲ್ಲಿ ಎರಡು ಬಾಲ್ದಿ ಹಿಡಿದು ಕಾಂತಿ ಓಡುವುದನ್ನು ನೋಡಿ ಜನ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಅಂದರೆ, ಗಡಿಯಾರ ಇದ್ದವರು.

ಇಷ್ಟೆಲ್ಲ ಓಟ ಒಂದು ಎಮ್ಮೆಗಾಗಿ. ಅದೂ ಅವಳದ್ದಲ್ಲ. ಬೆಳುವಾಯಿಯ ಧರ್ಣಪ್ಪ ಪಾಲಿಗೆ ಸಾಕಲು ಬಿಟ್ಟದ್ದು. ಮೊದಲ ಕರು ಧರ್ಣಪ್ಪನಿಗೆ, ಎರಡನೆಯದು ಕಾಂತಿಗೆ ಎಂದು ಮಾತು. ಮೊದಲನೆಯದನ್ನು ಅವನು ಹಾಲು ಬಿಡಿಸಿದ ವಾರವೇ ಹಗ್ಗ ತಂದು ಹೊಡೆದುಕೊಂಡು ಹೋಗಿದ್ದ. ಆ ವಿಷಯದಲ್ಲಿ ಅವನು ಮಾತಿಗೆ ತಪ್ಪದ ಮನುಷ್ಯ. ಈಗ ಎಮ್ಮೆಗೆ ಮತ್ತೆ ಒಂಬತ್ತು ತಿಂಗಳು ತುಂಬಿತ್ತು. ತನ್ನದು ಎಂದು ಹೇಳಿಕೊಳ್ಳಲು ಈ ಜನ್ಮದಲ್ಲಿ ಕಾಂತಿಗೆ ಇದ್ದ ಒಂದೇ ಆಸ್ತಿ ಆ ಎಮ್ಮೆಯ ಹೊಟ್ಟೆಯಲ್ಲಿತ್ತು.

ಅಷ್ಟರಲ್ಲಿ ಭಾದ್ರಪದದ ನೋಂಪಿ ಬಂತು. ಹತ್ತು ದಿನ ವ್ರತ. ಕೆಲವರಿಗೆ ಉಪವಾಸ, ಕೆಲವರಿಗೆ ಒಂದೇ ಹೊತ್ತಿನ ಊಟ, ಯಾರ ಮನೆಯಲ್ಲೂ ಹಸಿ ತರಕಾರಿ ಇಲ್ಲ. ನೋಂಪಿ ಪ್ರತಿವರ್ಷವೂ ಬರುವಂಥದ್ದೇ, ಆಗೆಲ್ಲ ಕಾಂತಿ ಬೈಹುಲ್ಲಿನಲ್ಲಿ ಸುಧಾರಿಸಿಕೊಳ್ಳುತ್ತಿದ್ದಳು. ಈ ಸಲ ಹಟ್ಟಿಯ ಮಾಡು ಸೋರಿ ಬೈಹುಲ್ಲೆಲ್ಲ ಕೊಳೆತುಹೋಗಿತ್ತು. ಹೊಸ ಹುಲ್ಲಿಗೆ ಕೊಯ್ಲು ಆಗಬೇಕು. ಗದ್ದೆಗಳ ನಡುವಿನ ಹುಣಿಯಲ್ಲಿ ಹಸಿ ಹುಲ್ಲು ತುಂಬ ಇತ್ತು, ಪ್ರತಿಯೊಂದು ಹುಣಿಗೂ ಒಬ್ಬ ಯಜಮಾನನೂ ಇದ್ದ. ಮಾರ್ಗದ ಬದಿಯದ್ದನ್ನು ಊರ ದನಗಳು ಬುಡದವರೆಗೆ ಮೇಯ್ದಿದ್ದವು.

ಮೊದಲ ಮನೆಯ ಕಮಲಾವತಿಯಮ್ಮ ಬಾಲ್ದಿಯ ತಳಕ್ಕೆ ಒಂದು ಚೆಂಬು ಅಕ್ಕಿ ತೊಳೆದ ನೀರು ಹೊಯ್ದು, ಹೊಟ್ಟೆಗೇ ಇಲ್ಲದಾಗ ಸಿಪ್ಪೆ ಎಲ್ಲಿಂದ ತರುವುದು ಎಂದು ಬೇಸರದಿಂದಲೇ ಕೇಳಿದರು. ಅವರ ತಪ್ಪೇನೂ ಇರಲಿಲ್ಲ. ಪುಣ್ಯ ಆ ಮನೆಯದ್ದು, ಉಪವಾಸದ ಒಂದು ಪಾಲು ಮಾತ್ರ ಕಾಂತಿಯ ಹಟ್ಟಿಗೆ ಬಂದಿತ್ತು. ಏಳನೆಯ ದಿನಕ್ಕೆ ಎಮ್ಮೆಯ ಪಕ್ಕೆಲುಬು ಎಣಿಸಬಹುದಾಗಿತ್ತು. ಕಾಂತಿ ತನ್ನ ಗಂಜಿಯ ತಿಳಿಯನ್ನೂ ಮರಿಗೆಗೆ ಹೊಯ್ದಳು. ಎಮ್ಮೆ ಅದನ್ನು ಕುಡಿದು ಮರಿಗೆಯ ಮರವನ್ನು ನೆಕ್ಕುತ್ತ ನಿಂತಿತು. ಆ ಸದ್ದು ಅವಳಿಗೆ ತಡೆಯಲಾಗಲಿಲ್ಲ. ಎದ್ದು ಏಳು ಮನೆಗೂ ಹೋಗಿ, ವ್ರತ ಮುಗಿದು ಪಾರಣೆಯ ಊಟವಾಗುವ ದಿನ ಒಂದು ಅಗುಳೂ ಬೇರೆ ಕಡೆಗೆ ಹೋಗಬಾರದು, ಎಲ್ಲ ನನಗೇ ಬೇಕು ಎಂದು ಕೈಮುಗಿದು ಒಪ್ಪಿಸಿಕೊಂಡು ಬಂದಳು.

ಅವರು ಮಾತು ಉಳಿಸಿಕೊಂಡರು. ಹತ್ತು ದಿನ ಕಟ್ಟಿಟ್ಟ ಬಾಯಿಗಳಿಗೆಂದು ಮಾಡಿದ ಅಡುಗೆ, ಅರ್ಧ ಉಣ್ಣುವಾಗಲೇ ಎಲ್ಲರ ಹೊಟ್ಟೆ ತುಂಬಿತು. ಉಳಿದ ಅನ್ನವನ್ನು ಹೊತ್ತು ಮುಳುಗಿದ ಮೇಲೆ ಇಡುವ ಹಾಗಿಲ್ಲ. ಕಾಂತಿ ಮೂರು ಸಲ ಬಂದಳು, ಮೂರು ಸಲವೂ ಎರಡು ಬಾಲ್ದಿ ತುಂಬಿತು. ಅನ್ನ, ಪಾಯಸ, ತೊವ್ವೆ.

ಬೀದಿಯ ಕೊನೆಯಲ್ಲಿ ಲೋಕಯ್ಯ ಕಾದು ನಿಂತಿದ್ದ. ಎತ್ತಿನ ಗಾಡಿಯಲ್ಲಿ ಸಿದ್ಧಕಟ್ಟೆಗೆ ಸಾಮಾನು ಸಾಗಿಸುವವನು. ಈ ಏಳು ಮನೆಗಳ ಮೇಲೆ ಅವನಿಗೆ ಮೊದಲಿನಿಂದಲೂ ಕಣ್ಣು.

“ಕಾಂತಕ್ಕ, ಅರ್ಧ ಇತ್ತ ಕೊಡಿ. ನನ್ನ ಎತ್ತುಗಳಿಗೂ ಒಂದು ಪಾರಣೆ ಆಗಲಿ.”

“ನಿನ್ನ ಎತ್ತುಗಳು ಯಾವ ನೋಂಪಿ ಹಿಡಿದದ್ದು?”

“ಕೊಡದಿದ್ದರೆ ಬೇಡ ಮಾರಾಯ್ರೆ. ಆದರೆ ಅಷ್ಟನ್ನೂ ಒಟ್ಟಿಗೆ ಹಾಕಬೇಡಿ. ಬರೀ ಹೊಟ್ಟೆಯ ಎಮ್ಮೆಗೆ ಅನ್ನ ಆಗುವುದಿಲ್ಲ.”

“ಎಮ್ಮೆಗೆ ಆಗುವುದಿಲ್ಲ, ನಿನ್ನ ಎತ್ತಿಗೆ ಮಾತ್ರ ಆಗ್ತದೆ. ಅಲ್ಲವಾ?”

ಪೈಪೋಟಿಯವನು ಕೊಟ್ಟ ಬುದ್ಧಿಯನ್ನು ಯಾರು ತೆಗೆದುಕೊಳ್ಳುತ್ತಾರೆ? ಲೋಕಯ್ಯ ಬೇರೆ ಎಷ್ಟೋ ಸಲ ಸುಳ್ಳು ಹೇಳಿದ್ದ. ಅವತ್ತು ನಿಜ ಹೇಳಿದ. ಕಾಂತಿಗೆ ಹಸಿವೆಂದರೆ ಏನೆಂದು ಚೆನ್ನಾಗಿ ಗೊತ್ತಿತ್ತು. ತನ್ನ ಹೊಟ್ಟೆಯ ಅಳತೆಯನ್ನೇ ಮೆಲುಕು ಹಾಕುವ ಪ್ರಾಣಿಗೂ ಹಿಡಿದಳು. ಎಮ್ಮೆ ಮರಿಗೆ ಖಾಲಿ ಮಾಡಿದ ಹಾಗೆಲ್ಲ ತುಂಬಿಸಿದಳು. ಅದು ತಲೆಯೆತ್ತದೆ ತಿನ್ನುವುದನ್ನು ನೋಡುತ್ತ ಹತ್ತು ದಿನದ ಮೇಲೆ ಸಮಾಧಾನದಿಂದ ಕೂತಳು.

ಬೆಳಿಗ್ಗೆ ಎಮ್ಮೆ ಮೆಲುಕು ಹಾಕುತ್ತಿರಲಿಲ್ಲ. ಎಡಗಡೆಯ ಹೊಟ್ಟೆ ಬೆನ್ನಿನ ಮಟ್ಟಕ್ಕೆ ಉಬ್ಬಿತ್ತು, ಬೆರಳಲ್ಲಿ ತಟ್ಟಿದರೆ ಚೆಂಡೆಯ ಸದ್ದು. ಕಾಂತಿ ಓಡಿದ್ದು ಲೋಕಯ್ಯನ ಮನೆಗೆ. ದನಗಳ ಮದ್ದು ಗೊತ್ತಿದ್ದವನು ಹತ್ತಿರದಲ್ಲಿ ಅವನೊಬ್ಬನೇ. ಅವನು ಬಂದು ನೋಡಿದ. ನಾನು ಹೇಳಿದ್ದೆನಲ್ಲ ಎಂಬ ಮಾತು ಅವನ ಬಾಯಿಯವರೆಗೆ ಬಂತು, ಕಾಂತಿಯ ಮುಖ ನೋಡಿ ಹಿಂದಕ್ಕೆ ಹೋಯಿತು. ಎಮ್ಮೆಯ ಬಾಯಿಗೆ ಅಡ್ಡವಾಗಿ ಕೋಲು ಕಟ್ಟಿದ. ಎಳ್ಳೆಣ್ಣೆಗೆ ಶುಂಠಿ, ಇಂಗು ಅರೆದು ಬಿದಿರಿನ ಗೊಟ್ಟದಲ್ಲಿ ಗಂಟಲಿಗೆ ಹೊಯ್ದ. ಎಣ್ಣೆ ಅರ್ಧದಲ್ಲೇ ಮುಗಿಯಿತು.

“ನಡೆಸಿ. ಮಲಗಲಿಕ್ಕೆ ಬಿಡಬೇಡಿ. ಮಲಗಿದರೆ ಮತ್ತೆ ಏಳುವುದಿಲ್ಲ. ಇನ್ನೊಂದು ಕುಡ್ತೆ ಎಣ್ಣೆ ಬೇಕು.”

ಕಾಂತಿ ಹಗ್ಗ ಹಿಡಿದು ಜೈನ ಪೇಟೆಯ ಬೀದಿಗೇ ನಡೆಸಿಕೊಂಡು ಬಂದಳು. ಲೋಕಯ್ಯ ಹಿಂದಿನಿಂದ ದೂಡಿದ. ನೋಂಪಿ ಮುಗಿದ ಮೇಲೆ ಆ ಬೀದಿಯವರು ಮನೆಮನೆಗೆ ಹೋಗಿ, ವರ್ಷವಿಡೀ ಆದ ತಪ್ಪುಗಳಿಗೆ ಒಬ್ಬರಿಗೊಬ್ಬರು ಕೈಮುಗಿದು ಕ್ಷಮೆ ಕೇಳಿಕೊಳ್ಳುವುದು ಪದ್ಧತಿ. ಮಡಿಸೀರೆಯುಟ್ಟು ಹೊರಟಿದ್ದ ಕಮಲಾವತಿಯಮ್ಮನಿಗೆ ಮೊದಲು ಸಿಕ್ಕಿದವಳು ಕಾಂತಿ. ಅವರು ದೊಡ್ಡ ಮನಸ್ಸಿನವರು, ಅಕ್ಕಚ್ಚಿನವಳೆಂದು ಬಿಟ್ಟು ಮುಂದೆ ಹೋಗಲಿಲ್ಲ.

“ಕಾಂತಿ, ಗೊತ್ತಿದ್ದೋ ಗೊತ್ತಿಲ್ಲದೆಯೋ ನನ್ನಿಂದ ಏನಾದರೂ ತಪ್ಪಾಗಿದ್ದರೆ ಕ್ಷಮಿಸಿಬಿಡು.”

“ಕ್ಷಮೆ ಮತ್ತೆ ಕೊಡ್ತೇನೆ ಅಮ್ಮ. ಈಗ ಒಂದು ಕುಡ್ತೆ ಎಳ್ಳೆಣ್ಣೆ ಉಂಟಾ?”

ಕಮಲಾವತಿಯಮ್ಮ ಎಮ್ಮೆಯ ಹೊಟ್ಟೆ ನೋಡಿದರು. ನಿನ್ನೆ ಪಾಯಸದ ಪಾತ್ರೆಯನ್ನು ತಾವೇ ಬಗ್ಗಿಸಿ ಹೊಯ್ದದ್ದು ನೆನಪಾಗಿರಬೇಕು, ಮಡಿಸೀರೆಯನ್ನು ಎತ್ತಿಕಟ್ಟಿ ಒಳಗೆ ಓಡಿದರು. ಎಣ್ಣೆಯ ಭರಣಿಯನ್ನೇ ತಂದರು.

ಬೀದಿಯ ಆ ತುದಿಯಿಂದ ಈ ತುದಿಗೆ ಮಧ್ಯಾಹ್ನದವರೆಗೆ ನಡೆಸಿದರು. ಎಮ್ಮೆ ಮೊಣಕಾಲೂರಿದಾಗಲೆಲ್ಲ ಕಾಂತಿ ಅದರ ಕುತ್ತಿಗೆಗೆ ಜೋತುಬಿದ್ದು, ಏಳು, ನನ್ನಮ್ಮ, ಏಳು ಎಂದು ಬೇಡಿಕೊಂಡಳು. ಕೊನೆಗೆ ಅದು ದೊಡ್ಡದಾಗಿ ತೇಗಿತು, ಹುಳಿ ನಾತ ಬೀದಿ ತುಂಬಿತು, ಉಬ್ಬರ ಇಳಿಯತೊಡಗಿತು. ಲೋಕಯ್ಯ ಎಮ್ಮೆ ಉಳಿಯಿತು ಎಂದ. ಕರುವಿನ ಮಾತೆತ್ತಲಿಲ್ಲ.

ಸಂಜೆಗೆ ಹಟ್ಟಿಯಲ್ಲಿ ಎಮ್ಮೆ ಕಂದು ಹಾಕಿತು. ಹೆಣ್ಣು ಕರು, ಮೈಯೆಲ್ಲ ರೋಮ ಬಂದಿತ್ತು, ಉಸಿರಿರಲಿಲ್ಲ. ಕಾಂತಿ ಅದರ ಮೂಗಿಗೆ ಬಾಯಿಟ್ಟು ಊದಿದಳು. ಲೋಕಯ್ಯ ಎಬ್ಬಿಸುವವರೆಗೂ ಊದಿದಳು.

ಮೂರನೆಯ ದಿನ ಧರ್ಣಪ್ಪ ಬಂದ. ಕೆಸರಲ್ಲಿ ಜಾರಿ ಬಿತ್ತು ಎನ್ನಿ ಎಂದು ಲೋಕಯ್ಯ ಹೇಳಿಕೊಟ್ಟಿದ್ದ. ಕಾಂತಿಗೆ ಆ ಸುಳ್ಳು ಬಾಯಿಗೆ ಬರಲಿಲ್ಲ. ನಾನೇ ಕೇಳಿ ತಂದು ಹಾಕಿದ್ದು ಧಣಿ ಎಂದಳು. ಅವನು ಬೈಯಲಿಲ್ಲ. ಎಮ್ಮೆಯನ್ನು ಸುತ್ತು ಬಂದು ನೋಡಿ ಹಗ್ಗ ಬಿಚ್ಚಿದ. ಎಮ್ಮೆ ಹೊಸಬನ ಕೈಗೆ ಹೆಜ್ಜೆ ಕಿತ್ತಿಡಲಿಲ್ಲ. ಎಳೆದ, ಹೊಡೆದ, ಆಗಲಿಲ್ಲ.

“ಹಾಗಾದರೆ ನೀನೇ ತಂದು ಬಿಡು.”

ಕಾಂತಿ ಮುಂದೆ ನಡೆದಳು, ಎಮ್ಮೆ ಅವಳ ಸೆರಗು ಮೂಸುತ್ತ ಹಿಂದೆ ಬಂತು, ಅದರ ಹಿಂದೆ ಧರ್ಣಪ್ಪ ಕೊಡೆ ಹಿಡಿದು ಬಂದ. ಬೆಳುವಾಯಿ ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು. ಹೊಸ ಹಟ್ಟಿಯಲ್ಲಿ ಅವಳೇ ಕಟ್ಟಿದಳು. ಧರ್ಣಪ್ಪನ ಹೆಂಡತಿ ಜಗಲಿಯಲ್ಲಿ ಕೂರಿಸಿ ಗಂಜಿ ಬಡಿಸಿದಳು. ಕಾಂತಿ ಅರ್ಧ ಉಂಡು, ಉಳಿದದ್ದನ್ನು ಬಟ್ಟಲು ಸಮೇತ ಹಿಡಿದು ಹಟ್ಟಿಯ ಕಡೆಗೆ ಹೊರಟಳು. ಎಮ್ಮೆ ಅವಳನ್ನು ಕಂಡು ಕುತ್ತಿಗೆ ಚಾಚಿತು.

“ಕಾಂತಿ,” ಧರ್ಣಪ್ಪ ಜಗಲಿಯಿಂದ ಕರೆದ. “ಅದಕ್ಕೆ ಇನ್ನು ನೀನು ಏನೂ ಹಾಕುವುದು ಬೇಡ.”

ಅವಳು ಅಲ್ಲಿಂದಲೇ ತಿರುಗಿದಳು. ಗಂಜಿಯನ್ನು ತೆಂಗಿನ ಬುಡಕ್ಕೆ ಹೊಯ್ದು, ಬಟ್ಟಲು ತೊಳೆದು ಕವುಚಿಟ್ಟು, ಮಾರ್ಗಕ್ಕೆ ಇಳಿದಳು. ಹಿಂದಿನಿಂದ ಎಮ್ಮೆ ಕೂಗುತ್ತಿತ್ತು. ಬೆಳುವಾಯಿಯ ತಿರುವು ದಾಟುವವರೆಗೂ ಅದು ಕೇಳುತ್ತಲೇ ಇತ್ತು.