ತಟ್ಟೆ ತೊಳೆದ ನೀರು

ಅರವತ್ತರ ದಶಕದ ಆ ದಿನಗಳಲ್ಲಿ, ದಾವಣಗೆರೆಯ ನಮ್ಮ ಮನೆಗೆ ಹತ್ತಿ ಮಿಲ್ಲಿನ ಸೈರನ್ನೇ ಗಡಿಯಾರ. ಸಂಜೆ ಅದು ಕೂಗಿದರೆ ಇನ್ನೇನು ಅಪ್ಪಾಜಿ ಬಂದರು ಅಂತಲೇ. ತಲೆಯಲ್ಲಿ, ಹುಬ್ಬಿನಲ್ಲಿ ಹತ್ತಿಯ ಎಳೆ. ಮೈಯಿಂದ ಯಂತ್ರದ ಎಣ್ಣೆಯ ಕಮಟು ವಾಸನೆ. ಅದೂ ನನಗೆ ಸೇರುತ್ತಿರಲಿಲ್ಲ. ಆದರೆ ನಿಜವಾಗಿ ಹೇಸಿಗೆ ಹುಟ್ಟಿಸುತ್ತಿದ್ದುದು ಅವರು ಉಣ್ಣುವ ರೀತಿ.

ನಮ್ಮವರಲ್ಲಿ ಅಗುಳು ಬಿಡುವಂತಿಲ್ಲ. ಉಂಡ ಮೇಲೆ ಹಿರಿಯರು ತಟ್ಟೆಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಪ್ರಸಾದವೆಂದು ಆ ನೀರನ್ನೂ ಕುಡಿಯುತ್ತಿದ್ದರು. ಅಪ್ಪಾಜಿ ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ. ಪುಟ್ಟ ತಮ್ಮ ಅಗಿದು ಉಗುಳಿದ ರೊಟ್ಟಿ, ನಾನು ಆರಿಸಿ ಬದಿಗಿಟ್ಟ ಬದನೆಕಾಯಿ ಸಿಪ್ಪೆ, ತಂಗಿಯ ಮೂಗು ಸೋರಿದ ಸಾರನ್ನ, ಹೀಗೆ ಐದು ಮಕ್ಕಳು ಬಿಟ್ಟದ್ದನ್ನೆಲ್ಲ ಬಳಿದು ಉಣ್ಣುತ್ತಿದ್ದರು. ಆಮೇಲೆ ಐದೂ ತಟ್ಟೆ ತೊಳೆದ ನೀರು. ಕೆಂಪಗೆ, ಮೇಲೆ ಎಣ್ಣೆ ತೇಲುವ ನೀರು. ಅದು ಗಟಗಟ ಇಳಿಯುವುದು ಕೇಳಬಾರದೆಂದು ನಾನು ಎದ್ದು ಹಿತ್ತಲಿಗೆ ಓಡುತ್ತಿದ್ದೆ.

ನನಗೆ ಒಂಬತ್ತು ವರ್ಷವಿದ್ದಾಗ ಬೇಸಿಗೆ ರಜೆಗೆ ಹರಿಹರಕ್ಕೆ, ಅತ್ತೆಯ ಮನೆಗೆ ಹೋದೆವು. ಅತ್ತೆ ಅಪ್ಪಾಜಿಯ ತಂಗಿ. ಮಾವನದು ಬಟ್ಟೆ ಅಂಗಡಿ. ಬೆಳಿಗ್ಗೆ ಹೊಳೆಯಲ್ಲಿ ಬಿದ್ದು ಹೊರಳಾಡುವುದು, ಮಧ್ಯಾಹ್ನ ಅತ್ತೆಯ ಮಗಳು ಗಿರಿಜಳ ಜೊತೆ ಅಣ್ಣೆಕಲ್ಲು ಆಡುವುದು. ಗಿರಿಜ ಇಸ್ತ್ರಿ ಮಾಡಿದ ಕರವಸ್ತ್ರ ಇಟ್ಟುಕೊಳ್ಳುವ ಹುಡುಗಿ. ಅವಳ ಮುಂದೆ ನಾನೂ ನಾಜೂಕಾಗಿ ಕಾಣಬೇಕೆಂದು ಒದ್ದಾಡುತ್ತಿದ್ದೆ.

ಒಂದು ಭಾನುವಾರ ಹೋಳಿಗೆ ಊಟ, ಮಿಲ್ಲಿಗೆ ರಜೆಯೆಂದು ಅಪ್ಪಾಜಿಯೂ ಬಂದಿದ್ದರು. ಎಲ್ಲರಿಗೂ ಹಿತ್ತಾಳೆ ತಟ್ಟೆ. ನನಗೆ ಮುಗಿಯಲಿಲ್ಲ, ಹಾಲು ತುಪ್ಪದಲ್ಲಿ ಕಲಸಿ ಕೆಸರು ಮಾಡಿ ಕೂತಿದ್ದೆ. ಪಕ್ಕದಲ್ಲಿದ್ದ ಅಪ್ಪಾಜಿ ನನ್ನ ತಟ್ಟೆ ಎಳೆದುಕೊಂಡು, ಅದನ್ನು ತಿಂದು, ನೀರು ಹಾಕಿದರು. ಗಿರಿಜ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ನಕ್ಕಳು.

"ನಾಯಿ ಹಂಗೆ ಯಾಕ ನೆಕ್ತೀರಿ ಅಪ್ಪಾಜಿ? ನಂಗೆ ಹೇಸಿಗೆ ಬರ್ತೈತೆ. ನನ್ ಪಕ್ಕ ಕೂಡ್ರಬ್ಯಾಡ್ರಿ," ಅಂದೆ.

ಏಟು ಬೀಳುತ್ತದೆ ಅಂತ ಕಾದೆ. ಅಪ್ಪಾಜಿ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟರು. "ಹೌದಲ್ಲವ್ವ, ನೋಡೋರಿಗೆ ಹೇಸಿಗೆನೇ," ಅಂದರು. ಆ ನೀರು ಕುಡಿಯಲಿಲ್ಲ.

ಊರಿಗೆ ಬಂದ ಮೇಲೆ ಅವರು ನಮ್ಮ ಜೊತೆ ಕೂರಲೇ ಇಲ್ಲ. ನಾವು ಎದ್ದ ಮೇಲೆ ಒಬ್ಬರೇ ಉಣ್ಣುತ್ತಿದ್ದರು. ನಮ್ಮ ಎಂಜಲು ಎಮ್ಮೆಯ ಕಲಗಚ್ಚಿಗೆ ಹೋಗುತ್ತಿತ್ತು. ನನಗೆ ಗೆದ್ದ ಖುಷಿ. ಮಳೆಗಾಲ ಹಿಡಿಯುವಷ್ಟರಲ್ಲಿ ಅಪ್ಪಾಜಿಯ ಅಂಗಿ ಹೆಗಲಿಂದ ಜಾರತೊಡಗಿತು.

"ಅಪ್ಪಾಜಿ ಯಾಕ ಹಿಂಗಾಗ್ಯಾರೆ?" ಅಂತ ಅವ್ವನನ್ನು ಕೇಳಿದೆ.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನಿಮಗೆ ಕಡಿಮೆ ಆಗಬಾರ್ದು ಅಂತ ಅವರು ಒಂದೇ ರೊಟ್ಟಿ ಹಾಕಿಸ್ಕೊಳ್ಳೋರು. ಉಳಿದ ಹೊಟ್ಟೆ ನಿಮ್ ತಟ್ಟೇಲಿ ತುಂಬಿಸ್ಕೊಳ್ಳೋರು. ಈಗ ಆ ಒಂದೇ ಐತೆ."

"ಮತ್ತೆ ನಾವು ಬಿಟ್ಟಿದ್ದು ಎಮ್ಮೆಗೆ ಯಾಕ ಹಾಕ್ತೀ?"

"ಅವರೇ ಹೇಳ್ಯಾರೆ. ಮಗಳು ನೋಡಿದ್ರೆ ಹೇಸ್ತಾಳೆ ಅಂತ."

ಆ ಸಂಜೆ ನನ್ನ ಪಾಲಿನ ಅರ್ಧ ರೊಟ್ಟಿ, ಕೈಯಿಟ್ಟಿರದ ಅರ್ಧ, ಅವರ ಮುಂದೆ ಇಟ್ಟೆ. "ನೀನು ಉಣ್ಣವ್ವ, ನಂಗೆ ಹೊಟ್ಟೆ ತುಂಬೈತೆ," ಅಂದರು. ತಪ್ಪಾಯಿತು ಅನ್ನಲು ನನಗೆ ಬಾಯಿ ಬರಲಿಲ್ಲ. ಆಮೇಲೂ ಬರಲಿಲ್ಲ.

ಅಪ್ಪಾಜಿ ತೊಂಬತ್ತು ದಾಟಿ ಬದುಕಿದರು. ಐವರನ್ನೂ ಓದಿಸಿದರು, ಮದುವೆ ಮಾಡಿದರು, ಮೊಮ್ಮಕ್ಕಳ ಕುಂಡಿ ತೊಳೆದರು. ಕೊನೆಗೆ ಅವರಿದ್ದ ವಿದ್ಯಾನಗರದ ನನ್ನ ತಮ್ಮನ ಮನೆಯಲ್ಲಿ ರೊಟ್ಟಿಗೆ ಬರವಿರಲಿಲ್ಲ. ಆದರೂ ಮೊಮ್ಮಕ್ಕಳ ತಟ್ಟೆ ಬಳಿದು ಉಣ್ಣುತ್ತಿದ್ದರಂತೆ. ನಾನು ಹೋದ ದಿನ ಮಾತ್ರ, "ನಂದು ತಡ ಆಗ್ತೈತೆ, ನೀನು ಉಂಡುಬಿಡು," ಅಂತ ಎದ್ದು ಹೊರಗೆ ಹೋಗುತ್ತಿದ್ದರು.

ಅವರು ತೀರಿಕೊಂಡಾಗ ಬಂದವರೆಲ್ಲ, ಸಂಸಾರಸ್ಥ ಅಂದರೆ ಹೀಗಿರಬೇಕು ಅಂದರು. ನಾನು ತಲೆಯಾಡಿಸಿದೆ. ಅಂದು ಅವರನ್ನು ನಾಯಿ ಅಂದ ನನ್ನ ನಾಲಿಗೆಯನ್ನು ನೆನೆದರೆ ಈಗ ಹೇಸಿಗೆಯಾಗುತ್ತದೆ. ಅಪ್ಪಾಜಿಯ ಪಕ್ಕ ಕೂತು ನಾನು ಉಂಡ ಕೊನೆಯ ಊಟ ಹರಿಹರದ ಆ ಹೋಳಿಗೆಯದು.