ಹೆಬ್ಬೆರಳು ಅಲುಗಿತೋ ಇಲ್ಲವೋ

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಸೋತದ್ದು ಕಡಿಮೆ. ಎದುರಾಳಿ ಅನುಭವದ ಮಾತು ಎತ್ತಿದ ಕೂಡಲೇ ಪುರಾವೆ ಎಲ್ಲಿ ಎಂದು ಕೇಳಿದರೆ ಅರ್ಧ ಕೆಲಸ ಮುಗಿಯುತ್ತಿತ್ತು. ಅಪ್ಪ ಬೈಕಿನಿಂದ ಬಿದ್ದು, ತಲೆಗೆ ಪೆಟ್ಟಾಗಿ, ಕಣ್ಣು ತೆರೆದರೂ ಯಾರನ್ನೂ ಗುರುತಿಸದೆ ರಾಮನಗರದ ಆಸ್ಪತ್ರೆಯಲ್ಲಿ ಮಲಗಿ ಎರಡು ತಿಂಗಳಾಗಿತ್ತು. ಅಲ್ಲೂ ನಾನು ಕೇಳುತ್ತಿದ್ದದ್ದು ಅದನ್ನೇ.

ಥೆರಪಿಸ್ಟ್ ಮೇಡಂ ಹೇಳಿದ್ದು ಇಷ್ಟು: ಅಪ್ಪನಿಗೆ ಗೊತ್ತಿರುವ ವಾಸನೆ, ಸದ್ದು, ಸ್ಪರ್ಶಗಳನ್ನು ಒಟ್ಟಿಗೆ ಕೊಡುವುದು, ತಲೆಗೆ ತಂತಿಗಳ ಟೋಪಿ ಹಾಕಿ ಮಿದುಳಿನ ಅಲೆಗಳು ಬದಲಾಗುತ್ತವೆಯೇ ಎಂದು ನೋಡುವುದು. ಶನಿವಾರದೊಳಗೆ ಏನೂ ಕಾಣದಿದ್ದರೆ ಚಿಕಿತ್ಸೆ ನಿಲ್ಲಿಸಿ ಮನೆಗೆ ಕಳಿಸುತ್ತಾರೆ. ಆಮೇಲೆ ಬರೀ ಆರೈಕೆ.

ಅಪ್ಪ ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವರು. ಅಮ್ಮ ಬಟ್ಟೆ ಚೀಲದಲ್ಲಿ ಹಾಲೆಮರದ ಹೊಟ್ಟು, ಬಣ್ಣದ ಅರಗಿನ ಕಡ್ಡಿ, ಹೊಳಪು ಕೊಡುವ ತಾಳೆಗರಿ, ಅಪ್ಪನೇ ಮಾಡಿದ ಬುಗುರಿ ಎಲ್ಲ ತಂದಳು. ಲೇತ್ ತಿರುಗುವ ಸದ್ದು ಫೋನಿನಲ್ಲಿತ್ತು. ನಾಲ್ಕು ದಿನ ಅಲೆಗಳು ಹೇಗಿದ್ದವೋ ಹಾಗೇ ಇದ್ದವು.

"ತಿರುಗೋ ಮರಕ್ಕೆ ಒತ್ತಿ ಬಿಸಿಯಾದ್ರೆ ತಾನೆ ಅರಗು ವಾಸ್ನೆ ಬರೋದು? ತಣ್ಣಗಿರೋ ಕಡ್ಡೀಲಿ ಏನೈತೆ?" ಎಂದೆ.

"ಮೂವತ್ತು ವರ್ಷ ಅದ್ರ ಜತೆ ಬಾಳವ್ರೆ ಕಣವ್ವ. ತಣ್ಣಗಿದ್ರೂ ಗೊತ್ತಾಯ್ತದೆ ಅವ್ರಿಗೆ. ನಿನ್ ವಾದ ಕಾಲೇಜಲ್ಲಿ ಮಡಿಕ್ಕೊ," ಎಂದಳು ಅಮ್ಮ.

ಶುಕ್ರವಾರ ನಾನು ಹೆದ್ದಾರಿ ಬದಿಯ ಅಂಗಡಿಯಿಂದ ಮಕ್ಕಳ ಮರದ ಗಿಲಕಿಯೊಂದನ್ನು ಕೊಂಡು ಹೋದೆ. ಬೇರೆ ಯಾರದೋ ಕೆಲಸ, ಅಪ್ಪ ಎಂದೂ ಮುಟ್ಟದ್ದು. ಪರಿಚಯವೇ ಮುಖ್ಯವಾದರೆ ಇದಕ್ಕೆ ಏನೂ ಆಗಬಾರದು. ಏನಾದರೂ ಆಯಿತೋ, ಪರಿಚಯದ ಕಥೆ ಬಿದ್ದುಹೋದಂತೆ. ಅಪ್ಪನ ಅಂಗೈಯಲ್ಲಿಟ್ಟು ಬೆರಳು ಮಡಚಿದೆ.

ಹೆಬ್ಬೆರಳು ಗಿಲಕಿಯ ಕುತ್ತಿಗೆಯ ಮೇಲೆ ಒಸಿ ಜರುಗಿತು. ಅಲೆ ತೋರಿಸುವ ಪರದೆಯ ಗೆರೆಗಳು ಜಿಗಿದವು. ಮೇಡಂ ಪರದೆ ನೋಡುತ್ತಿದ್ದರು, ಅಮ್ಮ ಅಪ್ಪನ ಮುಖ ನೋಡುತ್ತಿದ್ದಳು. ಕೈ ನೋಡುತ್ತಿದ್ದವಳು ನಾನೊಬ್ಬಳೇ. "ಹೆಬ್ಬೆಟ್ಟು ಅಲುಗ್ತು," ಎಂದೆ.

ಅಮ್ಮ ಗಿಲಕಿಯನ್ನು ತೆಗೆದುಕೊಂಡು ಸವರಿದಳು. "ನೋಡಿಲ್ಲಿ, ಅರಗು ಗಂಟುಗಂಟಾಗೈತೆ. ಯಾರ್ದೇ ಬೊಂಬೆ ಕೈಗೆ ಬಂದ್ರೂ ಹೆಬ್ಬೆಟ್ಟಲ್ಲಿ ಸವರಿ ತಪ್ಪು ಹುಡುಕ್ತಿರ್ನಿಲ್ವಾ ನಿಮ್ಮಪ್ಪ? ಬೈತಾವ್ರೆ."

"ಹಂಗಾದ್ರೆ ಅವ್ರದೇ ಬುಗುರಿ ಕೊಟ್ಟಾಗ ಯಾಕೆ ಅಲುಗ್ಲಿಲ್ಲ?"

"ಅದ್ರಲ್ಲಿ ಬೈಯಾಕೇನೈತೆ?"

ಏನೇ ಆದರೂ ತಾನೇ ಸರಿ ಎನ್ನುವ ಇಂಥ ವಾದದ ತಪ್ಪು ನನಗೆ ಚೆನ್ನಾಗಿ ಗೊತ್ತು, ವೇದಿಕೆಯಲ್ಲಾಗಿದ್ದರೆ ಬಿಡಿಸಿಡುತ್ತಿದ್ದೆ.

ಮೇಡಂ ನನ್ನ ಕಡೆ ತಿರುಗಿದರು. "ಕೈ ಅಲುಗಿದರೂ, ಯಾರಾದರೂ ಮಂಚ ತಾಕಿದರೂ ಗೆರೆ ಹೀಗೇ ಜಿಗಿಯುತ್ತೆ. ಅದೊಂದನ್ನೇ ನಂಬೋಕಾಗಲ್ಲ. ಬೆರಳು ತಾನಾಗೇ ಅಲುಗಿತಾ? ನೀವು ಕೈಯನ್ನೇ ನೋಡ್ತಿದ್ರಿ ಅಲ್ವಾ?"

ನನಗೆ ಗೊತ್ತಿರಲಿಲ್ಲ. ಗಿಲಕಿ ಗುಂಡಗಿತ್ತು, ಉರುಳಿ ಬೆರಳನ್ನು ತಳ್ಳಿರಬಹುದು. ನನ್ನ ಕೈ ಪೂರ್ತಿ ತೆಗೆದಿದ್ದೆನೇ? ಈಗಲೂ ನೆನಪಿಸಿಕೊಳ್ಳಲು ಹೋದರೆ ಒಮ್ಮೆ ನನ್ನ ಬೆರಳು ಅಲ್ಲಿರುತ್ತದೆ, ಇನ್ನೊಮ್ಮೆ ಇರುವುದಿಲ್ಲ. ಅಮ್ಮ ನನ್ನನ್ನೇ ನೋಡುತ್ತಿದ್ದಳು.

"ತಾನಾಗೇ," ಎಂದೆ.

ಮೇಡಂ ಬರೆದುಕೊಂಡರು. ಇನ್ನು ಮೂರು ವಾರ ಮುಂದುವರಿಸೋಣ ಎಂದರು. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ಇದ್ಕಿಂತ ಕೆಟ್ಟದಾಗಿ ಮಾಡಿರೋ ಗಿಲಕಿ ಸಿಕ್ತದಾ ನೋಡು," ಎಂದಳು.

ಮರುದಿನ ಬೆಳಿಗ್ಗೆ ಅದೇ ಅಂಗಡಿಯಲ್ಲಿ ನಿಂತು ಗಿಲಕಿಗಳ ಕುತ್ತಿಗೆಗಳನ್ನು ಒಂದೊಂದಾಗಿ ಸವರುತ್ತಿದ್ದೆ. ಎಂಥದ್ದು ಬೇಕು ಎಂದು ಅಂಗಡಿಯವರು ಕೇಳಿದರು. ಸರಿಯಾಗಿ ಮಾಡದೆ ಇರುವುದು ಯಾವುದಾದರೂ ಇದೆಯೇ ಎಂದೆ. ಅವರಿಗೆ ಸಿಟ್ಟು ಬಂತು.