ಸೇವಂತಿಗೆ ಮುಡಿಯದ ಎರಡು ಮನೆ

ನಮ್ಮ ಹುಡುಗಿಯನ್ನು ನಾವು ಮದುವೆ ಮಾಡಿ ಕೊಡಲಿಲ್ಲ. ಮದುವೆಗೆ ಮೊದಲೇ ಬೇರೆ ಮನೆಯವರ ಉಡಿಯಲ್ಲಿ ಹಾಕಿದೆವು, ಅಂದರೆ ದತ್ತು ಕೊಟ್ಟೆವು. ಮದುವೆ ಮಾಡಿಕೊಟ್ಟವರು ಅವರು. ನಡೆದದ್ದು ಇಷ್ಟೇ. ನನ್ನ ಮಗ ಇದನ್ನು ನಾಟಕ ಎನ್ನುತ್ತಾನೆ, ಪೂಜೆ ಮಾಡಿಸುವ ಅಯ್ಯನವರು ಶಾಸ್ತ್ರ ಎನ್ನುತ್ತಾರೆ. ಯಾರು ಏನಾದರೂ ಅನ್ನಲಿ, ನನ್ನ ಮೊಮ್ಮಗಳು ಈಗ ನನ್ನ ಮನೆಯ ಲೆಕ್ಕದಲ್ಲಿಲ್ಲ. ಅದಕ್ಕೆ ಕಾರಣ ಎರಡು ಅಡ್ಡಹೆಸರು ಮತ್ತು ನನ್ನ ಬಾಯಿ.

ನಾನು ಎರಡನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಅಕ್ಷರ ಕೂಡಿಸಿ ಓದುತ್ತೇನೆ. ಆದರೆ ಅಡ್ಡಹೆಸರಿನ ವಿಷಯ ನನಗೆ ಪುಸ್ತಕದಿಂದ ಬಂದದ್ದಲ್ಲ, ಅಂಗಡಿಯಲ್ಲಿ ಕೂತು ಬಂದದ್ದು. ನಾಸಿಕದಲ್ಲಿ ಗೋದಾವರಿಗೆ ಇಳಿಯುವ ದಾರಿಯಲ್ಲಿ ನಮ್ಮ ಹೂವಿನ ಅಂಗಡಿ. ನಮ್ಮ ಅಡ್ಡಹೆಸರು ಹೂಗಾರ. ಬೀದರ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ಗುಡಿಗೆ ಹೂವು, ಪತ್ರಿ ಒಯ್ದು ಕೊಡುವುದು, ಮದುವೆಗೆ ಬಾಸಿಂಗ ಕಟ್ಟುವುದು ನಮ್ಮ ಮನೆತನದ ಕೆಲಸ. ಕೆಲಸವೇ ಹೆಸರಾಯಿತು. ನನ್ನ ಗಂಡ ಆ ಕೆಲಸ ಬಿಟ್ಟು ಮೊದಲು ಬಂದದ್ದು ಲಾಸಲಗಾಂವ್‌ಗೆ, ಉಳ್ಳಾಗಡ್ಡಿ ಚೀಲ ಹೊರಲು. ಅಲ್ಲಿ ಅವರಿಗೆ ಅಡ್ಡಹೆಸರೇ ಇರಲಿಲ್ಲ. "ಏ ಕಾನಡಿ", ಅಂದರೆ ಕನ್ನಡದವನೇ, ಎಂದರೆ ಬಂದು ನಿಲ್ಲಬೇಕು. ಬೆನ್ನು ಸೋತ ಮೇಲೆ ನಾಸಿಕಕ್ಕೆ ಬಂದು ಮತ್ತೆ ಹೂವು ಹಿಡಿದರು. ಆಗ ಹೆಸರೂ ತಿರುಗಿ ಬಂತು.

ನಮ್ಮ ಪಕ್ಕದಲ್ಲಿ ಊದಿನಕಡ್ಡಿ ಮಾರುವ ಒಬ್ಬ ಸಾಬರಿದ್ದಾರೆ. ಅಡ್ಡಹೆಸರು ಅತ್ತಾರ. ಅರಬ್ಬಿ ಮಾತು, ಸುಗಂಧ ಮಾರುವವನು ಎಂದು ಅರ್ಥವಂತೆ. "ಅರಬಸ್ತಾನ ನೋಡೀರೇನ್ರಿ?" ಎಂದು ಒಮ್ಮೆ ಕೇಳಿದೆ. "ನಾನು ಮನಮಾಡ್ ದಾಟಿದವನಲ್ಲ ಅಮ್ಮಾ" ಎಂದರು. ಎದುರಿಗೆ ತೆಂಗಿನಕಾಯಿ ಇಟ್ಟುಕೊಂಡಿರುವ ಮರಾಠಿ ಹೆಂಗಸಿನ ಅಡ್ಡಹೆಸರು ಪೋಟದುಖೆ. ಹೊಟ್ಟೆ ನೋಯುವವರು ಎಂದು. ಯಾವ ಕಾಲದ ಮುತ್ಯಾನಿಗೆ ಯಾವ ಊಟ ಒಗ್ಗಲಿಲ್ಲವೋ, ಇವರು ಇವತ್ತಿಗೂ ಅದನ್ನು ಹೊತ್ತುಕೊಂಡು ತಿರುಗುತ್ತಾರೆ. ಇನ್ನು ಊರಿನ ಹೆಸರಿಗೆ 'ಕರ' ಹಚ್ಚಿಕೊಂಡವರಂತೂ ಓಣಿಗೆ ಹತ್ತು ಮಂದಿ. ಊರು ಬಿಟ್ಟವರಿಗೇ ಊರಿನ ಹೆಸರು ಅಂಟುತ್ತದೆ. ಊರಲ್ಲೇ ಇದ್ದವನನ್ನು ಊರಿನ ಹೆಸರು ಹಿಡಿದು ಯಾರು ಕರೆಯುತ್ತಾರೆ? ಒಟ್ಟಿನಲ್ಲಿ ಅಡ್ಡಹೆಸರನ್ನು ಯಾರೂ ತಾವೇ ಇಟ್ಟುಕೊಂಡಿಲ್ಲ. ಮಂದಿ ಕರೆದರು, ಇವರು ಓ ಅಂದರು.

ಇಷ್ಟು ತಿಳಿದಿದ್ದೂ ಮೊಮ್ಮಗಳ ಸಂಬಂಧ ಬಂದಾಗ ನಾವೆಲ್ಲ ಅಡ್ಡಹೆಸರನ್ನೇ ನಂಬಿದೆವು.

ಹುಡುಗ ಸಂಭಾಜಿನಗರದವನು. ಚಿಕಲಠಾಣಾದಲ್ಲಿ ಒಂದು ಕಾರ್ಖಾನೆಯಲ್ಲಿ ಕೆಲಸ. ಮನೆಯಲ್ಲಿ ಮರಾಠಿ, ಕನ್ನಡ ಒಂದಕ್ಷರ ಬಾರದು. ಅಡ್ಡಹೆಸರು ಫುಲಾರಿ. ಅದೂ ಹೂವಿನವರು ಎಂದೇ, ಮರಾಠಿಯಲ್ಲಿ. ಸಂಬಂಧ ತಂದವಳು ನಮ್ಮ ಕಡೆಯ ಹೆಂಗಸು. ನಾನು ಬೆಡಗು ಕೇಳಿದೆ. ಬೆಡಗು ಎಂದರೆ ಒಂದು ಬೇರಿನಿಂದ ಒಡೆದ ಮನೆಗಳು. ಅವರೊಳಗೆ ಹುಡುಗ ಹುಡುಗಿ ಅಣ್ಣ ತಂಗಿ ಆಗುತ್ತಾರೆ, ಕೊಟ್ಟು ತರುವುದಿಲ್ಲ.

"ಅವರಿಗೆ ಬೆಡಗು ಗೊತ್ತಿಲ್ರಿ, ಯಾವಾಗೋ ಮರತಾರ" ಎಂದಳು ಆಕೆ. "ನೀವು ಹೂಗಾರ, ಅವರು ಫುಲಾರಿ. ಅಡ್ಡಹೆಸರು ಬ್ಯಾರೆ, ಮಾತು ಬ್ಯಾರೆ. ಅಂದಮ್ಯಾಲ ಅಣ್ತಮ್ಮರು ಹ್ಯಾಂಗ ಆಗ್ತೀರಿ? ನಿಮ್ಮದು ಒಂದು ಅತಿ!"

ಎಲ್ಲರೂ ನಕ್ಕರು. ನಾನೂ ಸುಮ್ಮನಾದೆ. ಅಷ್ಟರಲ್ಲಿ ಹುಡುಗ ಹುಡುಗಿ ಫೋನಿನಲ್ಲಿ ಮಾತಾಡಿ ಮಾತಾಡಿ ಒಬ್ಬರಿಗೊಬ್ಬರು ಹೊಂದಿಕೊಂಡಿದ್ದರು. ಅದು ಅವಳ ಮುಖದಲ್ಲೇ ಕಾಣುತ್ತಿತ್ತು. ಅಲ್ಲಿಯವರೆಗೆ ನಾಲ್ಕು ಕಡೆಯವರು ನೋಡಿ ಹೋಗಿದ್ದರು, ಯಾರ ಜೊತೆಗೂ ಅವಳು ತಲೆ ಎತ್ತಿ ಮಾತಾಡಿರಲಿಲ್ಲ.

ನಿಶ್ಚಯಕ್ಕೆ ನಾವು ಸಂಭಾಜಿನಗರಕ್ಕೆ ಹೋದೆವು. ಹುಡುಗಿಯನ್ನು ಮಣೆಯ ಮೇಲೆ ಕೂಡಿಸಿದರು. ಅಲ್ಲಿಯದೇ ಯಾವುದೋ ಅಂಗಡಿಯಿಂದ ತಂದ ವೇಣಿ, ಜಡೆಗೆ ಮುಡಿಸುವ ಹೂಮಾಲೆ, ಒಂದು ತಾಟಿನಲ್ಲಿತ್ತು. ಮಲ್ಲಿಗೆ, ಅದರ ನಡುವೆ ಹಳದಿ ಸೇವಂತಿಗೆ. ಮುಡಿಸುವುದು ಹುಡುಗನ ಅಜ್ಜಿಯ ಕೆಲಸ. ಆಕೆ ದಪ್ಪ ಹೆಂಗಸು, ಕೈ ಚುರುಕು. ವೇಣಿಯನ್ನು ಎತ್ತಿದವಳೇ ಸೇವಂತಿಗೆಗಳನ್ನು ಒಂದೊಂದಾಗಿ ಕಿತ್ತು ತಾಟಿನ ಅಂಚಿಗೆ ಹಾಕತೊಡಗಿದಳು. ಅದೇ ಹೊತ್ತಿಗೆ ನಾನೂ ಕೈ ಚಾಚಿದ್ದೆ, ಅದೇ ಹೂವು ಕೀಳಲು. ಇಬ್ಬರ ಕೈ ತಾಟಿನಲ್ಲಿ ತಾಗಿತು.

ಆಕೆ ನನ್ನ ಮುಖ ನೋಡಿದಳು. "ಕಾಯ ಹೋ, ತುಮ್ಹಾಲಾ ಪಣ ಚಾಲತ ನಾಹೀ?" ಎಂದಳು. ನಿಮಗೂ ನಡೆಯುವುದಿಲ್ಲವೇ ಎಂದು.

ನಮ್ಮಲ್ಲಿ ಸೇವಂತಿಗೆ ಮಾರುತ್ತೇವೆ, ಕಟ್ಟುತ್ತೇವೆ, ದೇವರಿಗೆ ಏರಿಸುತ್ತೇವೆ. ಮನೆಯ ಹೆಣ್ಣುಮಕ್ಕಳು ಮುಡಿಯುವುದಿಲ್ಲ. ಯಾವಾಗಲೋ ಮನೆಯ ಸೊಸೆಯೊಬ್ಬಳು ದೇವರಿಗೆ ಕಟ್ಟಿದ ದಂಡೆಯಿಂದ ಒಂದು ಸೇವಂತಿಗೆ ತೆಗೆದು ತಾನು ಮುಡಿದಳಂತೆ. ಆ ವರ್ಷ ಗಿಡಗಳೆಲ್ಲ ಒಣಗಿದವಂತೆ. ನನ್ನ ಅತ್ತೆ ನನಗೆ ಹೇಳಿದ್ದು ಇಷ್ಟು. ನಿಜವೋ ಸುಳ್ಳೋ ನಾನು ಕೇಳಲಿಲ್ಲ. ನಾನು ಮುಡಿಯಲಿಲ್ಲ, ನನ್ನ ಸೊಸೆ ಮುಡಿಯಲಿಲ್ಲ.

"ನಿಮ್ಮಲ್ಲಿ ಯಾಕೆ ನಡೆಯುವುದಿಲ್ಲ?" ಎಂದು ಮರಾಠಿಯಲ್ಲೇ ಕೇಳಿದೆ.

ಆಕೆ ಅದೇ ಕಥೆ ಹೇಳಿದಳು. ಅದೇ ಸೊಸೆ, ಅದೇ ದಂಡೆ, ಅದೇ ಒಣಗಿದ ಗಿಡ. ಮನೆದೇವರು ಎಲ್ಲಿ ಎಂದೆ. ಕರ್ನಾಟಕದಲ್ಲಿ, ಕಾರಂಜಾ ಹೊಳೆಯ ದಂಡೆಗೆ, ವೀರಭದ್ರ, ನಾವು ನೋಡಿಲ್ಲ ಎಂದಳು. ತನ್ನ ಗಂಡನ ಅಜ್ಜ ಅಣ್ಣನ ಜೊತೆ ಗುಡಿಗೆ ಹೂವು ಕೊಡುವ ಪಾಳಿಗೆ ಜಗಳವಾಡಿ, ನಿಜಾಮನ ಕಾಲದಲ್ಲಿ ಈ ಕಡೆ ಬಂದನಂತೆ. ಇಲ್ಲಿಯವರು ಹೂವು ಮಾರುವುದನ್ನು ನೋಡಿ ಫುಲಾರಿ ಎಂದರಂತೆ.

ನಮ್ಮ ಮನೆದೇವರೂ ಅದೇ ವೀರಭದ್ರ, ಆ ಅಣ್ಣ ನನ್ನ ಮಾವನ ಅಪ್ಪ. ಪಾಳಿಗೆ ಜಗಳವಾಡಿ ಹೋದ ತಮ್ಮನನ್ನು ನನ್ನ ಅತ್ತೆ ಸಾಯುವವರೆಗೂ ಬೈದಿದ್ದಳು.

"ಹಂಗಾದ್ರ ನಾವು ನೀವು ಒಂದೇ ಬೇರು" ಎಂದೆ. ಕನ್ನಡದಲ್ಲೇ ಬಂತು. ಆಮೇಲೆ ಮರಾಠಿಯಲ್ಲಿ ಇನ್ನೊಮ್ಮೆ ಹೇಳಿದೆ.

ಮಗ ನನ್ನ ಸೆರಗು ಜಗ್ಗಿದ. "ಅವ್ವಾ, ಬಾಯಿ ಮುಚ್ಚು."

"ಮುಚ್ಚಾಕ ಕೊಟ್ಟಿದ್ರ ದೇವ್ರು ಮುಚ್ಚಳಾ ಕೊಡ್ತಿದ್ದ."

ಯಾರೂ ನಗಲಿಲ್ಲ. ತಾಟಿನಲ್ಲಿ ಪೇಢೆ ಹಾಗೇ ಉಳಿಯಿತು. ಹುಡುಗಿ ಮಣೆಯ ಮೇಲೆ ಕೂತೇ ಇದ್ದಳು, ಅರ್ಧ ವೇಣಿ ಮುಡಿದುಕೊಂಡು. ಕೊನೆಗೆ ನಾನೇ ಹೋಗಿ ಎಬ್ಬಿಸಿದೆ.

ತಿರುಗಿ ಬರುವಾಗ ಅವಳು ನನ್ನ ಪಕ್ಕ ಬಿಟ್ಟು ತಾಯಿಯ ಹತ್ತಿರ ಕೂತಳು. ಮನೆಗೆ ಬಂದು ಚಪ್ಪಲಿ ಬಿಟ್ಟವಳೇ ತಿರುಗಿ ನಿಂತಳು. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತಾರೆ.

"ಆಯಿ, ತುಲಾ ಗಪ್ಪ ಬಸತಾ ಆಲಂ ನಸತಂ ಕಾ?" ಸುಮ್ಮನೆ ಕೂಡಲು ಆಗುತ್ತಿರಲಿಲ್ಲವೇ ಎಂದು. ಸಿಟ್ಟು ಬಂದರೆ ಅವಳಿಗೆ ಕನ್ನಡ ಬರುವುದಿಲ್ಲ.

"ಇಲ್ಲ. ಕಂಡದ್ದು ಕಂಡಂಗ ಹೇಳಿದೆ. ನಾಳಿ ಮಕ್ಕಳಾದಮ್ಯಾಲ ಯಾರರೆ ಹೇಳಿದ್ರ ಚಲೋ ಆಗ್ತಿತ್ತೇನು?"

"ಯಾವ ಕಾಲದ ಅಜ್ಜ, ಅವನ ಜಗಳ! ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದ್ದೇ ಈ ವರ್ಷ" ಎಂದಳು, ಅದೂ ಮರಾಠಿಯಲ್ಲೇ.

ಅದು ಖರೆಯೇ. ಒಳಗೆ ಹೋಗಿ ಅಕ್ಕಿ ಆರಿಸಿದೆ.

ಮಗ ಸಂಬಂಧ ಮುಗಿಯಿತು ಎಂದ. ಸೊಸೆ ಅತ್ತಳು. ಹುಡುಗಿ ಕೆಲಸಕ್ಕೆ ಹೋಗಿ ಬಂದು ಉಣ್ಣದೆ ಮಲಗುವುದು ಹಿಡಿದಳು. ಮುರಿದ ನಿಶ್ಚಯದ ಹುಡುಗಿ ಎಂದು ಮಾತು ಹರಡುತ್ತದೆ, ಅದು ನನಗೂ ತಿಳಿದಿತ್ತು. ಆದರೆ ಅವಳ ಸಂಕಟ ಅದಲ್ಲ. ಅವಳಿಗೆ ಅವನೇ ಬೇಕಿತ್ತು.

ಆಗ ಸಂಭಾಜಿನಗರದಿಂದ ಆ ಮುದುಕಿಯ ಫೋನು ಬಂತು. ನನಗೇ.

"ನೀವು ಮುರಿದಿರಿ, ನೀವೇ ಕೂಡಿಸಿರಿ" ಎಂದಳು. "ನಮ್ಮ ಅಯ್ಯನವರು ಹೇಳುತ್ತಾರೆ, ಹುಡುಗಿಯನ್ನು ಸೋದರಮಾವನ ಉಡಿಯಲ್ಲಿ ಹಾಕಿ. ಅವನ ಬೆಡಗಿನವಳಾಗುತ್ತಾಳೆ. ಆಮೇಲೆ ಅವನು ನಮಗೆ ಕೊಡಲಿ. ಹಿಂದೆಯೂ ಮಾಡುತ್ತಿದ್ದರಂತೆ."

"ಮಾಡತಿದ್ರು" ಎಂದೆ. ನಾನೇ ನೋಡಿದ್ದೆ. ಫೋನು ಇಟ್ಟು ಮಗನಿಗೆ ಹೇಳಿದೆ. ಅವನು ಉಣ್ಣುತ್ತಿದ್ದವನು ಕೈ ತೊಳೆದುಕೊಂಡ.

"ನಾ ಇನ್ನೂ ಸತ್ತಿಲ್ಲ ಅವ್ವಾ. ನನ್ನ ಮಗಳನ್ನ ಮಂದಿ ಉಡ್ಯಾಗ ಯಾಕ ಹಾಕಲಿ?"

"ಮಂದಿ ಅಲ್ಲ. ನಿನ್ನ ಹೆಂಡತಿ ಅಣ್ಣ."

"ಹೂಗಾರ ಅನ್ನೋ ಹೆಸರು ಹೋಗ್ತದ."

"ಮದ್ವಿ ಆದ್ರೂ ಹೋಗ್ತಿತ್ತು. ಆ ಹೆಸರೇನು ನಿನ್ನಪ್ಪ ಕೊಟ್ಟಿದ್ದೇನು? ಊರ ಮಂದಿ ಕೊಟ್ಟಿದ್ದು. ಲಾಸಲಗಾಂವ್‌ನ್ಯಾಗ ಕಾನಡಿ ಅಂದ್ರ ಓ ಅಂತಿದ್ದ ನಿನ್ನಪ್ಪ. ಅವಾಗ ಅಂವ ನಿನ್ನಪ್ಪ ಇರಲಿಲ್ಲೇನು?"

"ಹಂಗಾದ್ರ ಬೆಡಗೂ ಬಿಡು. ಅದೊಂದ್ ಯಾಕ ಹಿಡಕೊಂಡಿ?"

ಹೆಸರು ಮಂದಿ ಕರೆದದ್ದು, ಬೇರು ಹಾಗಲ್ಲ ಎಂದು ಬಾಯಿಗೆ ಬಂತು. ಅಷ್ಟು ದೃಢವಾಗಿ ನನಗೂ ಗೊತ್ತಿಲ್ಲ ಅನ್ನಿಸಿ ಹೇಳಲಿಲ್ಲ. ಬಾಗಿಲಲ್ಲಿ ಹುಡುಗಿ ನಿಂತಿದ್ದಳು.

"ಪಪ್ಪಾ" ಎಂದಳು, ಈ ಸಲ ಕನ್ನಡದಲ್ಲಿ, "ನಾ ಮಾಮಾನ ಮಗಳಾಗ್ತೀನಿ. ನೀವು ಕೊಡ್ರಿ."

ಅವನು ಅಂಗಿ ಹಾಕಿಕೊಂಡ. "ನೀನೇ ಹೇಳಿದಮ್ಯಾಲ ಮುಗೀತು" ಎಂದು ಅಂಗಡಿಗೆ ಹೋದ.

ಸೊಸೆಯ ಅಣ್ಣ ಇರುವುದು ಕನ್ನಡದಲ್ಲಿ. ಅದು ಸಂಭಾಜಿನಗರ ಜಿಲ್ಲೆಯ ಒಂದು ತಾಲೂಕಿನ ಊರು. ಹೆಸರು ಕನ್ನಡ, ಊರೆಲ್ಲ ಮರಾಠಿ. ಅಲ್ಲಿ ಎಸ್ಟಿ ಬಸ್ಸು ಓಡಿಸುತ್ತಾನೆ. ಅವರ ಅಡ್ಡಹೆಸರು ಔರಾದಕರ, ಹಿಂದೆ ಔರಾದ ಕಡೆಯಿಂದ ಬಂದವರು. ಹೆಣ್ಣುಮಕ್ಕಳಿಲ್ಲದ ಮನೆ. ವಿಷಯ ಕೇಳಿ ಅವನು ಬೇಡ ಅನ್ನಲಿಲ್ಲ, ಹಿಗ್ಗಲೂ ಇಲ್ಲ. "ಆಕಿ ತೊಟ್ಟಿಲದಾಗ ಇದ್ದಾಗ ಎತ್ತಿಕೊಂಡೀನಿ, ಈಗೂ ಎತ್ತಿಕೊಳ್ತೀನಿ" ಎಂದ.

ಅವರ ಮನೆಯ ನಡುಮನೆಯಲ್ಲಿ ಕಂಬಳಿ ಹಾಸಿದರು. ಅಯ್ಯನವರು ಬಂದರು. ಮಾಮ ಮತ್ತು ಅವನ ಹೆಂಡತಿ ಪಕ್ಕಪಕ್ಕ ಕೂತರು. ಹುಡುಗಿ ಇಬ್ಬರ ತೊಡೆಯ ಮೇಲೆ ಕೂತಳು. ಇಪ್ಪತ್ತು ದಾಟಿದ ಹೆಣ್ಣು, ಬಡಕಲು ಮಾಮ. "ಲಗೂ ಮುಗಸ್ರಿ ಅಯ್ಯನವರೇ, ನಾಳಿ ನಾ ಬ್ರೇಕ್ ತುಳೀಬೇಕು" ಎಂದ. ಆಗೊಮ್ಮೆ ಅವಳು ನಕ್ಕಳು.

ನನ್ನ ಮಗ ತಂಬಿಗೆ ಹಿಡಿದು ಮಾಮನ ಕೈಗೆ ನೀರು ಬಿಡಬೇಕು, "ಕೊಟ್ಟೆ" ಅನ್ನಬೇಕು. ನೀರು ಬಿಟ್ಟ. "ಕೊಟ್ಟೆ ಅನ್ರಿ" ಎಂದು ಅಯ್ಯನವರು ನೆನಪಿಸಿದರು. ಅವನು ತಂಬಿಗೆಯನ್ನೇ ನೋಡುತ್ತ ಕೂತ. ಸೊಸೆ ಮುಖ ಆಚೆ ತಿರುಗಿಸಿದಳು.

"ಅನ್ನು" ಎಂದೆ ನಾನು, ಹಿಂದಿನಿಂದ.

"ಕೊಟ್ಟೆ" ಎಂದ.

ಅಯ್ಯನವರು ಹುಡುಗಿಯ ಹಣೆಗೆ ವಿಭೂತಿ ಹಚ್ಚಿ, ಅವಳ ಹೆಸರನ್ನೂ ಮಾಮನ ಹೆಸರನ್ನೂ ಕೂಡಿಸಿ ಔರಾದಕರ ಎಂದು ದೊಡ್ಡ ದನಿಯಲ್ಲಿ ಹೇಳಿದರು. ಅವಳು ನನ್ನ ಕಡೆ ನೋಡಿದಳು. ನಾನು ಉಡಿ ತುಂಬುವ ಅಕ್ಕಿ, ಕೊಬ್ಬರಿ ನೋಡುತ್ತಿದ್ದೆ. ಮಾಮನ ಹೆಂಡತಿ ಉಡಿ ತುಂಬಿದಳು. ಆಮೇಲೆ ಉಂಡೆವು. ಮದುವೆಯ ಬಾಸಿಂಗ ಇನ್ನು ಆ ಮನೆಯಿಂದ ಹೋಗಬೇಕು, ನಮ್ಮ ಅಂಗಡಿಯಿಂದ ಅಲ್ಲ. ಅದನ್ನು ನಾನು ಅವಳು ಹುಟ್ಟಿದಾಗಿನಿಂದ ಮನಸ್ಸಿನಲ್ಲಿ ಕಟ್ಟುತ್ತಿದ್ದೆ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಬಸ್ ಸ್ಟ್ಯಾಂಡಿನ ಕಡೆ ಹೋದೆ. ಅಲ್ಲಿ ಒಬ್ಬಳು ಗೋಣಿತಟ್ಟು ಹಾಸಿ ಹೂವು ಇಟ್ಟುಕೊಂಡಿದ್ದಳು. ಸೇವಂತಿಗೆ ಕೊಂಡೆ. ಹಳದಿಯದೇ ಆರಿಸಿದೆ, ಬಿರಿದದ್ದು ಬಿಟ್ಟು ಬಿಗಿ ಇದ್ದದ್ದು. ಮಾಮನ ಮನೆಯ ಮೆಟ್ಟಿಲ ಮೇಲೆ ಕೂತು ದಂಡೆ ಕಟ್ಟಿದೆ. ಎಷ್ಟೋ ಮಂದಿಗೆ ಕಟ್ಟಿದ ಕೈ, ಮನೆಯ ಹೆಣ್ಣಿನ ತಲೆಗೆ ಎಂದೂ ಸೇವಂತಿಗೆ ಕಟ್ಟಿರಲಿಲ್ಲ.

ಹುಡುಗಿ ಹಲ್ಲುಜ್ಜಿ ಬಂದಳು. ಕೂಡು ಎಂದೆ. ಹೂವು ನೋಡಿ ಹಿಂದೆ ಸರಿದಳು.

"ಆಯಿ, ಇದು ನಡೀತದೇನು?"

"ನಿನಗ ನಡೀತದ. ಈಗ ನೀ ಔರಾದಕರ ಮನಿ ಮಗಳು. ಮದ್ವಿ ತನಕ. ಆ ಮನಿಗಿ ಹೋದಮ್ಯಾಲ ಮತ್ತ ಇಲ್ಲ."

ಕೂತಳು. ಜಡೆಗೆ ದಂಡೆ ಮುಡಿಸಿದೆ. ಕೂದಲು ನುಣುಪು, ಜಾರುತ್ತಿತ್ತು. ಮಾಮನ ಹೆಂಡತಿಯ ಹತ್ತಿರ ಇನ್ನೊಂದು ಪಿನ್ನು ಕೇಳಿ ಚುಚ್ಚಿದೆ. ಆಮೇಲೆ ಮಗ, ಸೊಸೆ, ನಾನು ನಾಸಿಕದ ಬಸ್ಸು ಹತ್ತಿದೆವು. ಅವಳು ಅವರ ಮನೆಯಲ್ಲೇ ಉಳಿದಳು.